ಹಳೇ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್: ಎಣ್ಣೆ ಸೋರಿದ ಮೇಲೆ ತಡ ಬೇಡ

ಹೋದ ಮಳೆಗಾಲದಲ್ಲಿ ಹೊಸಪೇಟೆಯಿಂದ ಮಲಪನಗುಡಿಗೆ ಬರ್ತಿದ್ದೆ. ಟ್ಯಾಂಕಿನ ಮೇಲೆ 45 ಕೆಜಿ ಯೂರಿಯಾ ಚೀಲ, ಹಿಂದೆ ಅವ್ವ. ಒಂದು ಹಂಪ್ ದಾಟಿದ ಕೂಡಲೇ ಹಿಂದಿನ ಚಕ್ರ ಚೆಂಡಿನಂಗೆ ಪುಟಿಯಿತು. ಬ್ರೇಕ್ ಒತ್ತಿದರೆ ಹಿಡಿತವೇ ಸಿಗಲಿಲ್ಲ. ಎದುರಿನ ಲಾರಿಗೂ ನಮಗೂ ಒಂದು ಮೊಳ ಅಂತರ ಉಳೀತು, ಅಷ್ಟೇ.

ನಮ್ಮದು ಅಪ್ಪ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್. ಎಡಗಡೆ ಶಾಕ್ ಎಣ್ಣೆ ಸೋರೋದನ್ನ ಎರಡು ತಿಂಗಳಿಂದ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ. ತಪ್ಪು ನನ್ನದೇ.

ಶಾಕಿನ ಸ್ಪ್ರಿಂಗ್ ಭಾರ ಹೊರುತ್ತೆ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಹಾದು ಸ್ಪ್ರಿಂಗಿನ ಕುಣಿತಕ್ಕೆ ಲಗಾಮು ಹಾಕುತ್ತೆ. ಎಣ್ಣೆ ಹೋದರೆ ಲಗಾಮೂ ಹೋಯ್ತು. ಟೈರ್ ನೆಲ ಬಿಟ್ಟಾಗ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಸೀಟಿನ ಹಿಂಭಾಗ ಜೋರಾಗಿ ಒತ್ತಿ ಬಿಡ್ರಿ. ಒಮ್ಮೆ ಎದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕ್ ಮುಗಿದಿದೆ. ರಾಡಿನ ಮೇಲೆ ಎಣ್ಣೆ ಹಿಡಿದ ಧೂಳು, ಭಾರ ಹಾಕಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜೋದು, ಇವೂ ಗುರುತುಗಳೇ.

"ಸೋರೋದು ಒಂದೇ, ಒಂದೇ ಹಾಕಿಸು" ಅಂದರು ಅಪ್ಪ. ಹಾಗೆ ಮಾಡಬೇಡಿ. ಒಂದು ಗಟ್ಟಿ, ಇನ್ನೊಂದು ಸಡಿಲ ಇದ್ದರೆ ತಿರುವಿನಲ್ಲಿ ಗಾಡಿ ಎಳೆಯುತ್ತೆ. ಜೋಡಿಯಾಗಿಯೇ ಬದಲಿಸಿ. ಕೊಳ್ಳುವಾಗ ಹಳೆಯದನ್ನು ಪಕ್ಕಕ್ಕಿಟ್ಟು, ಮೇಲಿನ ತೂತಿನ ಮಧ್ಯದಿಂದ ಕೆಳಗಿನ ತೂತಿನ ಮಧ್ಯದವರೆಗಿನ ಉದ್ದ ಅಳೆಯಿರಿ. ಹೊಸದರ ಉದ್ದವೂ ಅಷ್ಟೇ ಇರಬೇಕು, ಬುಷ್ ತೂತೂ ಹೊಂದಬೇಕು.

ಕೆಲಸದ ಕ್ರಮ ಹೀಗೆ:

1. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ.
2. ಸಮ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರ್ ಕೆಳಗೆ ಮರದ ತುಂಡು ಇಡಿ.
3. ವಾಷರ್‌ಗಳು ಯಾವ ಕ್ರಮದಲ್ಲಿವೆ ಅಂತ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಅಡ್ಡ ಬಂದರೆ ಹಿಡಿಕೆ, ಸೀರೆ ಗಾರ್ಡ್ ಬಿಚ್ಚಿ.
4. ಒಂದು ಕಡೆ ಬಿಚ್ಚಿ, ಹೊಸದು ಕೂರಿಸಿ, ಆಮೇಲೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಕ್ರ ಕುಸಿಯುತ್ತೆ.
5. ತೂತು ಕೂಡದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಚಕ್ರವನ್ನು ಸ್ವಲ್ಪ ಎತ್ತಿ ಅಥವಾ ಇಳಿಸಿ ಹೊಂದಿಸಿ.
6. ನಟ್ ಮೊದಲು ಹಗುರವಾಗಿ ಬಿಗಿಯಿರಿ. ಸ್ಟ್ಯಾಂಡ್ ಇಳಿಸಿ, ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ ಪೂರ್ತಿ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಳ್ಳಲ್ಲ.

ಸ್ಪ್ರಿಂಗ್ ಹೊಂದಿಸುವ ಹಂತಗಳಿದ್ದರೆ ಎರಡೂ ಕಡೆ ಒಂದೇ ಹಂತ ಇರಲಿ. ಚಕ್ರ ಹಿಡಿದು ಅಡ್ಡಡ್ಡ ಅಲುಗಾಡಿಸಿ ನೋಡ್ರಿ. ಆಟ ಇದ್ದರೆ ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ಸವೆದಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಚೈನ್ ಬಿಗಿಯನ್ನೂ ನೋಡಿ. ಮೊದಲ ವಾರದ ನಂತರ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಗದ್ದೆಯಿಂದ ಬಂದಾಗ ರಾಡಿನ ಕೆಸರು ತೊಳೆದರೆ ಆಯಿಲ್ ಸೀಲ್ ಹೆಚ್ಚು ದಿನ ಬಾಳುತ್ತೆ.

ನನಗೆ ಹಿಡಿದದ್ದು ಅರ್ಧ ದಿನ. ಮರುದಿನ ಅದೇ ಹಂಪ್ ದಾಟಿದಾಗ ಅವ್ವ ನನ್ನ ಭುಜ ಹಿಡಿಯಲಿಲ್ಲ. ಗೊಬ್ಬರದ ಚೀಲವನ್ನ ಮಾತ್ರ ಈಗ ಬೇರೆ ಸರದಿಯಲ್ಲಿ ತರ್ತೀನಿ; ಶಾಕ್ ಹೊಸದಾದರೂ ಗಾಡಿ ಟ್ರ್ಯಾಕ್ಟರ್ ಆಗಲ್ಲ.