ಸರ್ಕಾರಿ ಅಭಿಯೋಜಕರು: ಗೆಲುವಿಗಿಂತ ನ್ಯಾಯಕ್ಕೆ ಬದ್ಧರು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಲ್ಲಿ ಹೊಡೆದಾಟವಾಗಿ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರೆ, ಗಾಯಾಳು ವಕೀಲರಿಗೆ ಶುಲ್ಕ ಕಟ್ಟಬೇಕಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಸಹಾಯಕ ಸರ್ಕಾರಿ ಅಭಿಯೋಜಕರು, ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರು ಮೊಕದ್ದಮೆ ನಡೆಸುತ್ತಾರೆ.

ತನಿಖೆ ಪೊಲೀಸರದು, ನ್ಯಾಯಾಲಯದಲ್ಲಿ ಸಾಕ್ಷಿಗಳ ವಿಚಾರಣೆ ಅಭಿಯೋಜಕರದು. ತಿರುಗಿಬಿದ್ದ ಸಾಕ್ಷಿಯನ್ನು ನ್ಯಾಯಾಲಯದ ಅನುಮತಿ ಪಡೆದು ಪಾಟೀಸವಾಲಿಗೆ ಒಡ್ಡುತ್ತಾರೆ. ಹೇಗಾದರೂ ಶಿಕ್ಷೆ ಕೊಡಿಸುವುದು ಇವರ ಗುರಿಯಾಗಬಾರದು. ಆರೋಪಿಗೆ ಅನುಕೂಲವಾದ ಸಂಗತಿಯನ್ನೂ ಮುಚ್ಚಿಡುವಂತಿಲ್ಲ.

ಈ ಹುದ್ದೆಯ ತೂಕ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ಕಂಡಿತು. ಬೆಂಗಳೂರಿಗೆ ವರ್ಗವಾದ ಆ ಮೊಕದ್ದಮೆಯ ಮೇಲ್ಮನವಿಗೆ ತಮಿಳುನಾಡು ಮಾಡಿದ್ದ ಅಭಿಯೋಜಕರ ನೇಮಕವನ್ನು 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಸಿಂಧುವೆಂದಿತು. ಆ ಅಧಿಕಾರ ಕರ್ನಾಟಕದ್ದು. ಕರ್ನಾಟಕದ ಪರ ಹಿರಿಯ ವಕೀಲ ಬಿ.ವಿ. ಆಚಾರ್ಯ ಲಿಖಿತ ವಾದ ಸಲ್ಲಿಸಿದರು. ಹೈಕೋರ್ಟ್ ಆರೋಪಿಗಳನ್ನು ಖುಲಾಸೆಗೊಳಿಸಿದರೂ ಕರ್ನಾಟಕ ಬಿಡದೆ ಮೇಲ್ಮನವಿ ಸಲ್ಲಿಸಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಸಹ ಆರೋಪಿ ಶಶಿಕಲಾ ಸೇರಿ ಮೂವರಿಗೆ ವಿಚಾರಣಾ ನ್ಯಾಯಾಲಯ ವಿಧಿಸಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು.

ಅಭಿಯೋಜಕರ ಕೆಲಸಕ್ಕೆ ಸಾಕ್ಷಿಗಳ ಮಾತೇ ಆಧಾರ. ಹಾಗಾಗಿ ನಿಮಗೆ ಸಾಕ್ಷಿ ಸಮನ್ಸ್ ಬಂದರೆ ತಪ್ಪಿಸಿಕೊಳ್ಳಬೇಡಿ. ಕಂಡದ್ದನ್ನು ಕಂಡಂತೆ ಹೇಳಿ.