ಕಿವಿಯ ದೂರು, ಹೊಟ್ಟೆಗೆ ಚಿಕಿತ್ಸೆ

ದೀಪ ಆರಿಸಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಕಿವಿಯೊಳಗೆ ಸುಯ್, ಸುಯ್. ನಾಡಿ ಹಿಡಿದು ನೋಡಿದರೆ ಎರಡರ ತಾಳವೂ ಒಂದೇ. ಕತ್ತಿನ ಪಕ್ಕ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕೆಲವರಿಗೆ ಸದ್ದು ನಿಲ್ಲುತ್ತದೆ, ಬಿಟ್ಟೊಡನೆ ಮತ್ತೆ ಶುರು. ವಯಸ್ಸಾದವರ ಕಿವಿಯ ಗುಂಯ್‌ಗುಟ್ಟುವಿಕೆಯೇ ಬೇರೆ, ಇದೇ ಬೇರೆ. ವೈದ್ಯರು ಇದನ್ನು ಪಲ್ಸಟೈಲ್ ಟಿನ್ನಿಟಸ್ ಎನ್ನುತ್ತಾರೆ.

ಇಂಥವರಲ್ಲಿ ಕೆಲವರ ಕಿವಿಯಲ್ಲಿ ಏನೂ ದೋಷವಿರುವುದಿಲ್ಲ. ತೊಂದರೆ ಇರುವುದು ತಲೆಬುರುಡೆಯೊಳಗೆ. ಮಿದುಳನ್ನು ಸುತ್ತುವರಿದ ದ್ರವದ ಒತ್ತಡ, ಗಡ್ಡೆ ಇಲ್ಲದೆಯೂ, ಏರಿರುತ್ತದೆ. ತೂಕ ಬಹಳ ಹೆಚ್ಚಿರುವ, ಮಕ್ಕಳಾಗುವ ವಯಸ್ಸಿನ ಹೆಂಗಸರಿಗೇ ಇದರ ಕಾಟ ಜಾಸ್ತಿ. ಮಿದುಳಿನಿಂದ ರಕ್ತ ಇಳಿಸುವ ದೊಡ್ಡ ಸಿರೆ ಕಿವಿಯ ಹಿಂಬದಿಯ ಮೂಳೆಗೆ ಅಂಟಿಕೊಂಡೇ ಸಾಗುತ್ತದೆ. ಒತ್ತಡಕ್ಕೆ ಅದು ಕಿರಿದಾದಾಗ, ಅದುಮಿದ ಪೈಪಿನಲ್ಲಿ ನೀರು ಸದ್ದು ಮಾಡುವಂತೆ, ರಕ್ತ ಸುಳಿದು ಹರಿಯುತ್ತದೆ. ಕಿವಿ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ.

ಹೊಟ್ಟೆಗೂ ಇದಕ್ಕೂ ಏನು ನಂಟು? ಅಮೆರಿಕದ ರಿಚ್ಮಂಡ್‌ನ ಶಸ್ತ್ರವೈದ್ಯ ಹಾರ್ವೆ ಶುಗರ್‌ಮನ್ ಒಂದು ವಿವರಣೆ ಮುಂದಿಟ್ಟರು: ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಎದೆಗೂಡಿನ ಒತ್ತಡ ಏರುತ್ತದೆ, ತಲೆಯಿಂದ ರಕ್ತ ಇಳಿಯಲು ತಡೆಯಾಗುತ್ತದೆ. ಎಲ್ಲ ತಜ್ಞರೂ ಇದನ್ನೇ ಪೂರ್ಣ ಕಾರಣವೆಂದು ಒಪ್ಪುವುದಿಲ್ಲ. ಕೊಬ್ಬಿನ ಅಂಗಾಂಶ ಸುರಿಸುವ ಹಾರ್ಮೋನುಗಳ ಕಡೆಗೆ ಬೆರಳು ತೋರುವವರೂ ಇದ್ದಾರೆ. ಆದರೆ ಶುಗರ್‌ಮನ್ ತಂಡದ ಫಲಿತಾಂಶವನ್ನು ತಳ್ಳಿಹಾಕುವುದು ಕಷ್ಟ. 1999ರಲ್ಲಿ ಅವರು ಇದೇ ತೊಂದರೆಯಿದ್ದ, ತೀವ್ರ ಬೊಜ್ಜಿನ 24 ಮಹಿಳೆಯರ ವರದಿ ಪ್ರಕಟಿಸಿದರು. ಅವರಲ್ಲಿ 23 ಮಂದಿಗೆ ಆಗಿದ್ದು ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಉಳಿಸಿ, ಅದನ್ನು ನೇರ ಸಣ್ಣಕರುಳಿಗೆ ಜೋಡಿಸುವುದು. ನಾಲ್ಕು ತಿಂಗಳೊಳಗೆ ಒಬ್ಬರನ್ನುಳಿದು ಎಲ್ಲರ ತಲೆನೋವು, ಕಿವಿಯ ಬಡಿತ ಎರಡೂ ಮಾಯ. ಮುಂದೆ ಇಬ್ಬರಿಗೆ ತೂಕ ಮರಳಿತು; ಜೊತೆಗೇ ಸದ್ದೂ ಮರಳಿತು. ನನಗೆ ಕಂಡಂತೆ, ವಾಸಿಯಾದವರಿಗಿಂತ ಬಲವಾದ ಸಾಕ್ಷಿ ಈ ಇಬ್ಬರೇ.

ಇಷ್ಟಾದರೂ ಹೋಲಿಕೆಗೆ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಆ ಕೊರತೆ ತುಂಬಿದ್ದು 2021ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನ. ಇದೇ ತೊಂದರೆಯ 66 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯ ದಾರಿ, ಉಳಿದವರಿಗೆ ಪಥ್ಯದ ತರಬೇತಿ. ವರ್ಷ ಕಳೆದಾಗ ಶಸ್ತ್ರಚಿಕಿತ್ಸೆಯ ಗುಂಪಿನವರ ತಲೆಯೊಳಗಿನ ದ್ರವದ ಒತ್ತಡ, ನೀರಿನ ಎತ್ತರದ ಲೆಕ್ಕದಲ್ಲಿ, ಸುಮಾರು 35 ಸೆಂಟಿಮೀಟರಿನಿಂದ 26ಕ್ಕೆ ಇಳಿದಿತ್ತು. ಪಥ್ಯದವರದು 32ರಲ್ಲೇ ನಿಂತಿತ್ತು. ಅಲ್ಲಿ ಮುಖ್ಯವಾಗಿ ಅಳೆದದ್ದು ಒತ್ತಡವನ್ನು, ಕಿವಿಯ ಸದ್ದನ್ನಲ್ಲ ಎಂಬುದು ನೆನಪಿರಲಿ.

ಬೈಪಾಸ್ ಆದವರಿಗೆ ಬಿ12, ಕಬ್ಬಿಣದಂಥ ಪೂರಕಗಳು ಜೀವನಪೂರ್ತಿ ತಪ್ಪುವುದಿಲ್ಲ. ತೂಕ ಇಳಿಯಲು ತಿಂಗಳುಗಳೇ ಬೇಕು, ತಲೆಯೊಳಗಿನ ಒತ್ತಡಕ್ಕೆ ಸಿಕ್ಕ ಕಣ್ಣಿನ ನರ ಅಷ್ಟು ದಿನ ಕಾಯುವುದಿಲ್ಲ. ಬಗ್ಗಿ ಎದ್ದಾಗ ಕ್ಷಣಕಾಲ ಕತ್ತಲೆ ಕವಿಯುವವರು, ಎರಡೆರಡು ಕಾಣುವವರು ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ದೃಷ್ಟಿ ಕುಸಿಯುತ್ತಿದ್ದರೆ ಅಸಿಟಜೋಲಮೈಡ್ ಮಾತ್ರೆಯನ್ನೋ ದ್ರವವನ್ನು ಬೇರೆಡೆಗೆ ಹರಿಸುವ ಕೊಳವೆಯನ್ನೋ ತಜ್ಞರು ಮುಂದೆ ಮಾಡುತ್ತಾರೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಮಾತು ಆಮೇಲಿನದು.