‘ಶುಗರ್ ಫ್ರೀ’ ಪಾಕೀಟಿನ ಹಿಂಬದಿ ನೋಡಿ

ಅಕ್ಕಲಕೋಟ: ‘ಶುಗರ್ ಫ್ರೀ ಬಿಸ್ಕೀಟ್ ಕೊಡ್ರಿ’ ಎಂದು ಸಕ್ಕರೆ ಕಾಯಿಲೆಯವರು ಕಿರಾಣಿ ಅಂಗಡಿಯಲ್ಲಿ ಕೇಳುವುದು ಈಗ ಸಾಮಾನ್ಯ. ಸಕ್ಕರೆ ಇಲ್ಲಂದ್ರ ಎಷ್ಟು ತಿಂದರೂ ನಡೀತದ ಎಂಬ ನಂಬಿಕೆ ಹಲವರದು. ಆದರೆ ಅದರಲ್ಲಿರುವ ಮೈದಾ ಹಿಟ್ಟೇ ರಕ್ತದ ಸಕ್ಕರೆ ಏರಿಸುತ್ತದೆ.

ಪಾಕೀಟಿನ ಹಿಂದಿನ ಸಣ್ಣ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷಿನವು. ಕನ್ನಡ, ಮರಾಠಿ ಮಾತ್ರ ಬಲ್ಲವರು ಅಂಕಿಗಳನ್ನಾದರೂ ಗುರುತಿಸಬಹುದು. 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್. ಇವು ಕೃತಕ ಸಿಹಿ. 102 ಹಳದಿ ಬಣ್ಣ, 211 ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್.

2023ರ ಜುಲೈನಲ್ಲಿ ಆಸ್ಪರ್ಟೇಮ್ ‘ಕ್ಯಾನ್ಸರ್ ತರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿತು. ಸಾಕ್ಷ್ಯ ಸೀಮಿತವಾದ್ದರಿಂದ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಮಿತಿಯನ್ನು ಬದಲಿಸಲಿಲ್ಲ. ಗಾಬರಿ ಬೇಡ, ಅಳತೆ ಮೀರುವುದೂ ಬೇಡ. ಆದರೆ ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆಯ ಮಕ್ಕಳಿಗೆ 951 ಇರುವುದನ್ನು ಕೊಡಲೇಬಾರದು.